ನಿಮಗಿದು ಗೊತ್ತೇ? ಮಿರಗ ಸುರಿದರೆ ಉಣ್ಣಿಗೆ ಹಬ್ಬ

ಮೇ ಮುಗಿಯುತ್ತ ಬಂದರೆ ಬೀದರ್‌ನಲ್ಲಿ ಎಲ್ಲರ ಕಣ್ಣೂ ಮುಗಿಲ ಮೇಲೆ. ಭಾಲ್ಕಿಯ ರೈತನಿಗೆ ಬಿತ್ತನೆಯ ಚಿಂತೆ, ಔರಾದ್‌ನವನಿಗೆ ಮೇವಿನ ಚಿಂತೆ, ಪೇಟೆಯವರಿಗೆ ಒಂದಿಷ್ಟು ತಂಪು ಸಿಕ್ಕರೆ ಸಾಕು. ಮಳೆಗೆ ಕಾಯುವ ಇನ್ನೊಂದು ಜೀವ ಇದೆ. ಅದು ಮುಗಿಲು ನೋಡುವುದಿಲ್ಲ. ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಬದುವಿನ ಹುಲ್ಲಿನ ಬುಡದಲ್ಲಿ ಕೂತು ಗಾಳಿಯ ತೇವವನ್ನು ಅಳೆಯುತ್ತಿರುತ್ತದೆ. ಅದರ ಹೆಸರು ಉಣ್ಣಿ. ಹವೆಗೂ ಉಣ್ಣಿಗೂ ಇರುವ ನಂಟಿನ ಬಗ್ಗೆ ಪಟಪಟನೆ ಒಂದಿಷ್ಟು ಸಂಗತಿ ಇಲ್ಲಿವೆ.

ಮೊದಲು ಪರಿಚಯ

● ಉಣ್ಣಿ ಹುಳುವಲ್ಲ, ಕೀಟವೂ ಅಲ್ಲ. ಜೇಡ, ಚೇಳುಗಳ ಬಳಗದ್ದು. ದೊಡ್ಡದಕ್ಕೆ ಎಂಟು ಕಾಲು. ಆದರೆ ಮೊಟ್ಟೆಯಿಂದ ಆಗಷ್ಟೇ ಹೊರಬಿದ್ದ ಮರಿಗೆ ಆರೇ ಕಾಲು. ಒಂದು ಹೊಟ್ಟೆ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಉಳಿದೆರಡು ಮೂಡುತ್ತವೆ.

● ಜಿಲ್ಲೆಯಲ್ಲಿ ಇದಕ್ಕೆ ಹೆಸರು ಒಂದಲ್ಲ. ಕನ್ನಡದ ಮನೆಯಲ್ಲಿ ಉಣ್ಣಿ, ಮರಾಠಿ ಮನೆಯಲ್ಲಿ ಗೋಚಿಡ್, ತೆಲುಗಿನವರಲ್ಲಿ ಪಿಡುದು. ಮಲೆನಾಡಿಗೆ ಹೋದರೆ ಉಣುಗು.

● ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಥೇಟ್ ಔಡಲ ಬೀಜದಂತೆ ಕಾಣುತ್ತದೆ. ಈ ಹೋಲಿಕೆ ಪ್ರಾಚೀನ ರೋಮನ್ನರ ಕಣ್ಣಿಗೂ ಬಿದ್ದಿತ್ತು. ಲ್ಯಾಟಿನ್‌ನಲ್ಲಿ ರಿಸಿನಸ್ ಎಂದರೆ ಉಣ್ಣಿ. ಔಡಲ ಗಿಡದ ಸಸ್ಯಶಾಸ್ತ್ರೀಯ ಹೆಸರೂ ರಿಸಿನಸ್ಸೇ. ಅಂದರೆ ಗಿಡಕ್ಕೆ ಹೆಸರು ಕೊಟ್ಟಿದ್ದು ಉಣ್ಣಿ.

● ಉಣ್ಣಿಯ ಮೂಗು ಇರುವುದು ಮುಂಗಾಲಿನಲ್ಲಿ. ಮೊದಲ ಜೋಡಿ ಕಾಲಿನ ತುದಿಯಲ್ಲಿ ಒಂದು ಸಣ್ಣ ಗುಳಿ. 1881ರಲ್ಲಿ ವಿವರಿಸಿದ ವಿಜ್ಞಾನಿಯ ಹೆಸರಿನಲ್ಲಿ ಅದು ಹಾಲರ್ ಅಂಗ. ದನದ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಗಾಳಿಯ ತೇವ ಎಲ್ಲ ಅಲ್ಲೇ ಗೊತ್ತಾಗುತ್ತವೆ. ದೂರದ ಮೈಯಿಂದ ಸೂಸುವ ಶಾಖವನ್ನೂ ಅದೇ ಅಂಗ ಹಿಡಿಯುತ್ತದೆ ಎಂದು 2019ರಲ್ಲಿ ತಿಳಿಯಿತು. ಹುಲ್ಲಿನ ತುದಿಯಲ್ಲಿ ಮುಂಗಾಲೆತ್ತಿ ನಿಂತ ಉಣ್ಣಿ ಕೈಮುಗಿಯುತ್ತಿಲ್ಲ, ಮೂಸುತ್ತಿದೆ.

● ಬೀದರ್ ದನಗಳ ಮೈಮೇಲೆ ಮುಖ್ಯವಾಗಿ ಎರಡು ಬಗೆಯ ಉಣ್ಣಿಯ ದರಬಾರು. ಒಂದು, ದನದ ಉಣ್ಣಿ ಎಂದೇ ಕರೆಯುವ ರೈಪಿಸೆಫಾಲಸ್ ಮೈಕ್ರೋಪ್ಲಸ್. ಮರಿಯಾಗಿ ಹತ್ತಿದ ದನದ ಮೇಲೇ ಬೆಳೆದು ದೊಡ್ಡದಾಗಿ ಇಳಿಯುತ್ತದೆ. ಇನ್ನೊಂದು ಹಯಲೋಮ ಅನಟೋಲಿಕಮ್. ನಡುವೆ ಇಳಿದು ನೆಲದಲ್ಲಿ ಪೊರೆ ಕಳಚಿ ಮತ್ತೆ ಹತ್ತುವ ಜಾತಿ. ಹಯಲೋಮ ಎಂದರೆ ಗ್ರೀಕ್‌ನಲ್ಲಿ ಗಾಜಿನ ಕಣ್ಣು. ಹೆಸರಿಗೆ ತಕ್ಕಂತೆ ಅದಕ್ಕೆ ಕಣ್ಣಿದೆ, ಕಾಲಿಗೆ ಬಿಳಿ ಪಟ್ಟೆಯೂ ಇದೆ.

ಉರಿಬಿಸಿಲು

● ಉಣ್ಣಿಗೆ ಬಿಸಿಲಿನ ಭಯಕ್ಕಿಂತ ಬಾಯಾರಿಕೆಯ ಭಯ ಹೆಚ್ಚು. ಇಷ್ಟು ಸಣ್ಣ ಮೈಯಿಂದ ನೀರು ಬೇಗ ಆರಿಹೋಗುತ್ತದೆ. ಬೀದರ್‌ನ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಮುಟ್ಟಿದಾಗ ಮರಿ ಉಣ್ಣಿಯನ್ನು ಕೊಲ್ಲುವುದು ಬರೀ ಶಾಖವಲ್ಲ, ಅದರ ಜೊತೆ ಬೀಸುವ ಒಣಗಾಳಿ.

● ಆಗ ಅದು ನೀರು ಎಲ್ಲಿ ಕುಡಿಯುತ್ತದೆ? ಗಾಳಿಯಲ್ಲಿ. ಬಾಯಿಂದ ಉಪ್ಪಿನಂಶದ ಜೊಲ್ಲು ಹೊರಹಾಕುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೂರುವ ಹಾಗೆ ಆ ಜೊಲ್ಲು ಗಾಳಿಯ ತೇವ ಹೀರುತ್ತದೆ. ಉಣ್ಣಿ ಅದನ್ನೇ ಮರಳಿ ನುಂಗುತ್ತದೆ. ಹೆಚ್ಚಿನ ಜಾತಿಗಳಿಗೆ ಈ ಉಪಾಯ ಫಲಿಸಬೇಕಾದರೆ ಸುತ್ತಲ ಗಾಳಿಯಲ್ಲಿ ಶೇ. 75ರಿಂದ 90ರಷ್ಟು ಆರ್ದ್ರತೆ ಬೇಕು.

● ಏಪ್ರಿಲ್-ಮೇ ಮಧ್ಯಾಹ್ನದಲ್ಲಿ ಬೀದರ್‌ನ ಬಯಲಿನಲ್ಲಿ ಅಷ್ಟು ತೇವ ಎಲ್ಲಿಂದ ಬರಬೇಕು? ಹಾಗಾಗಿ ಹೆಚ್ಚಿನ ಉಣ್ಣಿಗಳು ಬಯಲಿಗೆ ಬರುವುದೇ ಇಲ್ಲ. ಹವಾಮಾನ ಇಲಾಖೆ ತಾಪ ಅಳೆಯುವುದು ನೆಲದಿಂದ ಒಂದು ಮೀಟರಿಗಿಂತ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ. ಉಣ್ಣಿಯ ಹವಾಮಾನ ನೆಲದಿಂದ ನಾಲ್ಕು ಬೆರಳಿನೊಳಗಿನದು. ಪತ್ರಿಕೆಯಲ್ಲಿ ಬರುವ ತಾಪಮಾನ ನಮ್ಮದು, ಅದರದಲ್ಲ.

● ಭಾಲ್ಕಿ, ಔರಾದ್‌ನ ಎರೆಮಣ್ಣು ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಹೆಂಚಿನಂತೆ ಕಾದ ನೆಲ, ಕೆಳಗೆ ಬಿರುಕಿನ ಆಳದಲ್ಲಿ ತಂಪು. ಬಿರುಕು, ಸಂದು, ಕಲ್ಲಿನಡಿ ಇವೇ ಹಯಲೋಮ ಜಾತಿಗೆ ಮೊಟ್ಟೆ ಇಡುವ, ಪೊರೆ ಕಳಚುವ ಕೋಣೆ.

● ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಬಹಮನಿಗಳ ಕಾಲದಲ್ಲಿ ನೌಬಾದ್ ಬಳಿ ಇದೇ ಕಲ್ಲಿನಲ್ಲಿ ಸುರಂಗ ಕೊರೆದು ನೀರು ಹರಿಸಿದ ಕರೇಜ್ ಇಂದಿಗೂ ಇದೆ. ಮೇಲೆ ಬೆಂಕಿ ಬಿದ್ದರೂ ಒಳಗೆ ತಂಪು. ಜಂಬಿಟ್ಟಿಗೆಯ ಹಳೆ ಕೊಟ್ಟಿಗೆಯ ಗೋಡೆಯಲ್ಲಿ ತೂತು, ಸಂದುಗಳಿಗೆ ಬರವಿಲ್ಲ. ಸುಲ್ತಾನರು ಕಷ್ಟಪಟ್ಟು ಕೊರೆಸಿದ್ದು ಉಣ್ಣಿಗೆ ಪುಕ್ಕಟೆ ಸಿಕ್ಕಿದೆ.

● ಬೇಸಿಗೆ ಎಲ್ಲ ಉಣ್ಣಿಗೂ ಶತ್ರುವಲ್ಲ. ಹಯಲೋಮ ಒಣನಾಡಿನ ಜಾತಿ. ಬೇರೆಯವು ಆರಿ ಸಾಯುವ ಹವೆಯಲ್ಲಿ ಇದು ಓಡಾಡುತ್ತದೆ. ಹುಲ್ಲಿನ ತುದಿಯಲ್ಲಿ ಕಾದು ಕೂರುವ ತಾಳ್ಮೆಯೂ ಈ ಬಳಗದ ಹಲವಕ್ಕಿಲ್ಲ. ಮೈಯ ವಾಸನೆ ಬಂದರೆ ನೆಲದ ಮೇಲೆ ಬೆನ್ನಟ್ಟಿ ಬರುತ್ತವೆ.

● ಬಿಸಿಲು ಉಣ್ಣಿಯನ್ನಷ್ಟೇ ಎಬ್ಬಿಸುವುದಿಲ್ಲ, ಅದರ ಹೊಟ್ಟೆಯ ರೋಗಾಣುವನ್ನೂ ಎಬ್ಬಿಸುತ್ತದೆ. ಹಯಲೋಮ ಹರಡುವ ಥೈಲೇರಿಯಾ ರೋಗಾಣು ಸಾಮಾನ್ಯವಾಗಿ ಉಣ್ಣಿ ಕಚ್ಚಿ ಎರಡು ಮೂರು ದಿನ ರಕ್ತ ಕುಡಿದ ಮೇಲೆ ಪಕ್ವವಾಗುತ್ತದೆ. ಆದರೆ ಸುತ್ತಲ ಶಾಖ ಸಾಕಷ್ಟಿದ್ದರೆ ರಕ್ತದ ಹನಿಯೂ ಬೇಡ, ಹಸಿದ ಉಣ್ಣಿಯೊಳಗೇ ಅದು ಪಕ್ವವಾಗಬಲ್ಲದು. 1977ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅಂಥ ಉಣ್ಣಿ ಕಚ್ಚಿದರೆ ಎರಡು ದಿನದ ವಾಯಿದೆಯೂ ಸಿಗುವುದಿಲ್ಲ.

ಮಿರಗದಿಂದ ಸ್ವಾತಿಯವರೆಗೆ

● ಮೃಗಶಿರಾ ಮಳೆ ನಮ್ಮ ಕಡೆಯ ಬಾಯಲ್ಲಿ ಮಿರಗ. ಜೂನ್ 7-8ರ ಹೊತ್ತಿಗೆ ಹೂಡುತ್ತದೆ. ಬೀದರ್‌ನ ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಬಿಸಿ ಇನ್ನೂ ಇಳಿದಿಲ್ಲ, ತೇವ ಏರಿದೆ. ದನದ ಉಣ್ಣಿಯ ಮೊಟ್ಟೆಗೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಇಲ್ಲ.

● ಒಂದು ಹೆಣ್ಣು ಎಷ್ಟು ಮೊಟ್ಟೆ ಇಡುತ್ತದೆ ಗೊತ್ತೇ? ಸುಮಾರು 2000ದಿಂದ 3000. ಇಟ್ಟ ಮೇಲೆ ಸಾಯುತ್ತದೆ. ಅದರ ಆಯುಷ್ಯದಲ್ಲಿ ಬಾಣಂತನ ಒಂದೇ ಸಲ.

● ಬೆಚ್ಚಗೆ, ತೇವವಾಗಿ ಇದ್ದರೆ ಮೊಟ್ಟೆ ಮೂರು ನಾಲ್ಕು ವಾರದಲ್ಲಿ ಒಡೆಯುತ್ತದೆ. ತಂಪಾದಷ್ಟೂ ತಡ. ಒಣಗಿದರೆ ಮೊಟ್ಟೆಯೇ ಸುಕ್ಕುಗಟ್ಟಿ ಹೋಗುತ್ತದೆ. ಉಣ್ಣಿಯ ಮೊಟ್ಟೆಗೆ ದಿನದ ಲೆಕ್ಕವಿಲ್ಲ, ಬಿಸಿಯ ಲೆಕ್ಕ.

● ಮರಿ ಉಣ್ಣಿ ಎಳ್ಳಿಗಿಂತ ಸಣ್ಣದು. ನೂರಾರು ಮರಿಗಳು ಹುಲ್ಲಿನ ಒಂದೇ ಎಸಳಿನ ತುದಿಯಲ್ಲಿ ಗೊಂಚಲಾಗಿ ಕೂರುತ್ತವೆ. ಹತ್ತಿರದಿಂದ ನೋಡದಿದ್ದರೆ ಹುಲ್ಲಿನ ತೆನೆ ಅನ್ನಿಸುತ್ತದೆ.

● ಗಡಿಯಾರವನ್ನೂ ಅವು ಪಾಲಿಸುತ್ತವೆ. ಬೆಳಗಿನ ಇಬ್ಬನಿಯ ಹೊತ್ತು ಮತ್ತು ಇಳಿಹೊತ್ತು ಹುಲ್ಲಿನ ತುದಿಗೆ ಹತ್ತುತ್ತವೆ. ಬಿಸಿಲೇರಿದಂತೆ ಎಸಳಿನ ನೆರಳಿನ ಬದಿಗೆ ಸರಿಯುತ್ತವೆ, ಬುಡಕ್ಕೆ ಇಳಿಯುತ್ತವೆ. ಬುಡದ ತೇವ ಕುಡಿದು ದಣಿವಾರಿಸಿಕೊಂಡು ಮತ್ತೆ ಮೇಲಕ್ಕೆ. ಹತ್ತಿ ಇಳಿಯುವುದೇ ಅವುಗಳ ಬದುಕು.

● ಹುಬ್ಬಾ, ಉತ್ತರಾ ಮಳೆ ಕಳೆದು ಬದುವಿನ ಹುಲ್ಲು ಮೊಣಕಾಲೆತ್ತರ ಬೆಳೆದಾಗ ಮರಿಗಳ ಸಂತೆ ಜೋರು. ಹುಲ್ಲು ಉದ್ದವಾದಷ್ಟೂ ಬುಡದಲ್ಲಿ ತೇವ ನಿಲ್ಲುತ್ತದೆ. ಗಿಡ್ಡ ಹುಲ್ಲಿನ ಬಯಲಿನಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಮರಿ ಆರಿಹೋಗುತ್ತದೆ.

● ಕಾರಂಜಾ ಜಲಾಶಯ ಇರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ. ಕಾಲುವೆಯ ದಂಡೆ, ಕಬ್ಬಿನ ಗದ್ದೆಯ ಬದು, ಮಾಂಜ್ರಾ ನದಿಯ ಅಂಚು, ಬೇಸಿಗೆಯಲ್ಲೂ ಹಸಿರು ಉಳಿಯುವ ತಾವುಗಳು. ದನಕ್ಕೆ ಮೇವು ಸಿಗುವ ಆ ಹಸಿರೇ ಉಣ್ಣಿಗೂ ತೇವ ಸಿಗುವ ಜಾಗ. ನೀರಾವರಿ ಬಂದಲ್ಲಿ ಉಣ್ಣಿಯ ಬೇಸಿಗೆ ಗಿಡ್ಡವಾಗುತ್ತದೆ.

ಎಳ್ಳಮಾಸಿಯ ಚಳಿ

● ರಾಜ್ಯದ ಉತ್ತರ ತುದಿಯ ತಾಲ್ಲೂಕು ಔರಾದ್. ಸಮುದ್ರ ದೂರ, ಪ್ರಸ್ಥಭೂಮಿ 600 ಮೀಟರಿಗೂ ಎತ್ತರ. ಹಾಗಾಗಿ ಡಿಸೆಂಬರ್-ಜನವರಿಯಲ್ಲಿ ಕರ್ನಾಟಕದ ಅತಿ ಚಳಿಯ ಊರುಗಳ ಪಟ್ಟಿಯಲ್ಲಿ ಬೀದರ್ ಹೆಸರು ಮೇಲೆಯೇ ಇರುತ್ತದೆ.

● ದನದ ಉಣ್ಣಿಯ ಮೊಟ್ಟೆ ಸುಮಾರು 15 ಡಿಗ್ರಿಗಿಂತ ಕೆಳಗೆ ಬಹುಮಟ್ಟಿಗೆ ಬೆಳೆಯುವುದೇ ಇಲ್ಲ. ನಮ್ಮ ಚಳಿಗಾಲದಲ್ಲಿ ರಾತ್ರಿ ಅದಕ್ಕಿಂತ ಕೆಳಗಿಳಿದರೂ ಹಗಲು ಮತ್ತೆ ಬೆಚ್ಚಗಾಗುತ್ತದೆ. ಹೀಗಾಗಿ ಇಲ್ಲಿನ ಚಳಿ ಉಣ್ಣಿಯನ್ನು ಕೊಲ್ಲುವುದಿಲ್ಲ, ಮಂದಗೊಳಿಸುತ್ತದೆ ಅಷ್ಟೆ.

● ಎಳ್ಳಮಾವಾಸ್ಯೆಗೆ ಬೀದರ್ ಜಿಲ್ಲೆಗೆ ಜಿಲ್ಲೆಯೇ ಹೊಲದಲ್ಲಿ ಕೂತು ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತದೆ. ಆ ಹೊತ್ತಿಗೆ ಬೆಳೆದ ಹಯಲೋಮ ಉಣ್ಣಿಗಳ ಓಡಾಟ ಬಹಳ ಕಡಿಮೆ. ಅವು ಬಿರುಕು, ಸಂದಿಗಳಲ್ಲಿ ಸುಮ್ಮನಿರುತ್ತವೆ. ಹಬ್ಬ ಜೂನ್‌ನಲ್ಲಿ ಬಂದಿದ್ದರೆ ಪಂಕ್ತಿಯಲ್ಲಿ ಕರೆಯದ ನೆಂಟರೂ ಇರುತ್ತಿದ್ದರು.

● ದನದ ಮೈ ಹತ್ತಿದ ಉಣ್ಣಿಗೆ ಮಾತ್ರ ಚಳಿಗಾಲವೂ ಇಲ್ಲ, ಬೇಸಿಗೆಯೂ ಇಲ್ಲ. ದನದ ಮೈಯ ಬಿಸಿ ವರ್ಷವಿಡೀ ಸುಮಾರು 38.5 ಡಿಗ್ರಿ. ಹವೆಯ ಹೊಡೆತ ಬೀಳುವುದು ನೆಲದ ಮೇಲಿರುವ ಉಣ್ಣಿಗಳಿಗೆ. ಯಾವುದೇ ಹೊತ್ತಿನಲ್ಲಿ ಹೆಚ್ಚಿನ ಪಾಲು ಇರುವುದೂ ನೆಲದ ಮೇಲೆಯೇ. ನಾವು ದನದ ಮೈಮೇಲೆ ಕಾಣುವುದು ಸೈನ್ಯವಲ್ಲ, ಅದರ ಸಣ್ಣ ತುಕಡಿ.

● ಚಳಿ ತಡೆಯಲು ಉಣ್ಣಿಗೆ ರೋಗಾಣುವೇ ಸಹಾಯ ಮಾಡುವುದೂ ಉಂಟು. ಅಮೆರಿಕದ ಕರಿಗಾಲಿನ ಉಣ್ಣಿಯ ಹೊಟ್ಟೆಯಲ್ಲಿ ಅನಪ್ಲಾಸ್ಮಾ ಎಂಬ ರೋಗಾಣು ಸೇರಿದರೆ ಅದರ ಮೈಯಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಹೆಚ್ಚುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಗಿರೀಶ್ ನೀಲಕಂಠ ಮತ್ತು ಸಂಗಡಿಗರು 2010ರಲ್ಲಿ ಇದನ್ನು ತೋರಿಸಿಕೊಟ್ಟರು. ಬಾಡಿಗೆದಾರ ಮನೆಗೆ ಹೀಟರ್ ಹಾಕಿಸಿದ ಹಾಗೆ.

ಒಂದೇ ರಾಜ್ಯ, ಎರಡು ಪಂಚಾಂಗ

● ಬೀದರ್‌ನಲ್ಲಿ ಮಳೆ ಬಂದರೆ ದನದ ಉಣ್ಣಿ ಏರುತ್ತದೆ. ಶಿವಮೊಗ್ಗದ ಕಾಡಿನಲ್ಲಿ ಮಳೆ ಬಂದರೆ ಉಣ್ಣಿಯ ರೋಗವೊಂದು ಇಳಿಯುತ್ತದೆ. ಅದೇ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆ ಕಾಡಿನ ಹೆಸರನ್ನೇ ಹೊತ್ತಿತು.

● ಮಂಗನ ಕಾಯಿಲೆಯ ಹಂಗಾಮು ಡಿಸೆಂಬರ್‌ನಿಂದ ಮೇವರೆಗೆ. ಅದನ್ನು ಮುಖ್ಯವಾಗಿ ಹರಡುವ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿಯ ನಡುಹಂತದ ಮರಿಗಳು ಒಣಗಿದ ತರಗೆಲೆಯ ನಡುವೆ ಓಡಾಡುವ ಕಾಲ ಅದು. ಜನ ಸೌದೆಗೆ, ದರಗಿಗೆ ಕಾಡಿಗೆ ಹೋಗುವ ಕಾಲವೂ ಅದೇ. ಮಳೆ ಹಿಡಿದರೆ ಮರಿಗಳು ಕಡಿಮೆಯಾಗುತ್ತವೆ.

● ಹಾಗಾದರೆ ಉಣ್ಣಿಗೆ ಮಳೆ ಒಳ್ಳೆಯದೋ ಕೆಟ್ಟದ್ದೋ? ಜಾತಿ ಯಾವುದು, ವಯಸ್ಸು ಎಷ್ಟು, ನೆಲ ಎಂಥದ್ದು ಎಂದು ಕೇಳದೆ ಉತ್ತರವಿಲ್ಲ. ಕಾಡಿನ ನೆರಳಲ್ಲಿ ಬೇಸಿಗೆಯಲ್ಲೂ ತೇವ ಉಳಿಯುತ್ತದೆ. ಬೀದರ್‌ನ ಬಯಲಲ್ಲಿ ಉಳಿಯುವುದಿಲ್ಲ. ಬೀದರ್‌ನವರಿಗೆ ಸಮಾಧಾನದ ಮಾತು: ಮಂಗನ ಕಾಯಿಲೆ ಪಶ್ಚಿಮ ಘಟ್ಟದ ಸೀಮೆಯ ರೋಗ.

ದೇವಣಿಯ ಗಟ್ಟಿತನ

● ದೇವಣಿ ನಮ್ಮ ಗಡಿಯ ದನದ ತಳಿ. ಹೆಸರು ಬಂದಿದ್ದು ಪಕ್ಕದ ಲಾತೂರ್ ಜಿಲ್ಲೆಯ ದೇವಣಿಯಿಂದ. ಬಣ್ಣ ನೋಡಿ ಇದರಲ್ಲಿ ಮೂರು ಬಗೆ ಹೇಳುತ್ತಾರೆ: ವಾನ್ನೇರಾ, ಬಾಲಂಕ್ಯಾ, ಶೇವೇರಾ. ಮುಖ ಕಪ್ಪಾಗಿ ಮೈ ಬೆಳ್ಳಗಿದ್ದರೆ ವಾನ್ನೇರಾ. ಮೈತುಂಬ ಕರಿಮಚ್ಚೆ ಇದ್ದರೆ ಶೇವೇರಾ.

● ದೇವಣಿಯಂಥ ಡುಬ್ಬದ ದನಗಳ ಮೇಲೆ ಉಣ್ಣಿ ಕಡಿಮೆ, ಜರ್ಸಿ, ಎಚ್‌ಎಫ್ ರಕ್ತದ ಹಸುಗಳ ಮೇಲೆ ಹೆಚ್ಚು. ಒಂದೇ ಹುಲ್ಲು ಮೇಯ್ದು ಬಂದರೂ ಹೀಗೆ. ನಾಟಿ ದನದ ತೊಗಲು ಉಣ್ಣಿಯ ಜೊಲ್ಲಿಗೆ ಬೇಗ ಎದುರು ನಿಲ್ಲುತ್ತದೆ, ನಾಲಿಗೆಯೂ ಸುಮ್ಮನಿರುವುದಿಲ್ಲ. ನೆಕ್ಕಿ ನೆಕ್ಕಿ ಮರಿಗಳನ್ನು ಕಿತ್ತು ಹಾಕುತ್ತದೆ.

● ಉಣ್ಣಿ ಕೆಚ್ಚಲು, ಬಾಲದ ಬುಡ, ಕಿವಿಯೊಳಗೇ ಏಕೆ ಕೂರುತ್ತದೆ? ತೊಗಲು ತೆಳು, ನಾಲಿಗೆಗೂ ಬಾಲಕ್ಕೂ ಎಟುಕುವುದಿಲ್ಲ, ಬಿಸಿಲೂ ತಾಗುವುದಿಲ್ಲ. ಕೆಚ್ಚಲಲ್ಲೇ ಇದ್ದು ಹಾಲಿನ ರುಚಿ ಕಾಣದ ಪ್ರಾಣಿ ಎಂದು ಹಿರಿಯರು ಹಂಗಿಸಿದ್ದುಂಟು. ಉಣ್ಣಿಯ ಕಣ್ಣಿನಲ್ಲಿ ಕೆಚ್ಚಲು ಹಾಲಿನ ಗಡಿಗೆಯಲ್ಲ, ನೆರಳಿನ ಮನೆ.

● ದನಕ್ಕೆ ಜೋರು ಜ್ವರ, ಹೆಗಲ ಮುಂದಿನ ಗಂಟು ಊದಿದೆ, ಹಾಲು ಇಳಿದಿದೆ ಎಂದರೆ ಥೈಲೇರಿಯಾ ಇರಬಹುದು. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೀಸಿಯಾ ಎಂಬ ಇನ್ನೊಂದು ರೋಗಾಣುವಿನ ಗುಮಾನಿ. ಎರಡಕ್ಕೂ ಮದ್ದಿದೆ, ಆದರೆ ತಡವಾದರೆ ದನ ಉಳಿಯುವುದು ಕಷ್ಟ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಿ.

● ಈ ಎರಡು ರೋಗಾಣುಗಳಿಗೂ ಒಂದು ವ್ಯತ್ಯಾಸ ಉಂಟು. ಬೆಬೀಸಿಯಾ ತಾಯಿ ಉಣ್ಣಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಆಸ್ತಿಯಂತೆ ಬರುತ್ತದೆ. ಥೈಲೇರಿಯಾ ಹಾಗೆ ಬರುವುದಿಲ್ಲ. ಪ್ರತಿ ತಲೆಮಾರಿನ ಉಣ್ಣಿಯೂ ಅದನ್ನು ರೋಗದ ದನದಿಂದ ಹೊಸದಾಗಿ ಪಡೆಯಬೇಕು.

● ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಬೆಂಗಳೂರಲ್ಲ, ಬೀದರ್‌ನ ನಂದಿನಗರ. ದೇವಣಿ ತಳಿಯ ಸಂಶೋಧನಾ ಕೇಂದ್ರ ಇರುವುದೂ ಜಿಲ್ಲೆಯಲ್ಲೇ.

ನಾಯಿ, ಕೋಳಿ, ಮನೆ

● ಬೀದರ್‌ನ ಗಲ್ಲಿಯ ನಾಯಿಯ ಕಿವಿಯಲ್ಲಿ ಕಾಣುವ ಕಂದು ಉಣ್ಣಿ ಹವೆಯ ಹಂಗನ್ನು ಹೆಚ್ಚುಕಡಿಮೆ ಕಳಚಿಕೊಂಡಿದೆ. ಅದು ಮನೆಯೊಳಗೇ ಸಂಸಾರ ಹೂಡಬಲ್ಲದು. ನಾಯಿಯ ಮೈಯಿಂದ ಇಳಿದದ್ದು ಗೋಡೆ ಹತ್ತುತ್ತದೆ, ಬಾಗಿಲ ಚೌಕಟ್ಟು, ತೊಲೆಯ ಸಂದಿ ಸೇರುತ್ತದೆ. ಹುಡುಕುವವರು ನೆಲ ನೋಡುತ್ತಾರೆ, ಅದು ಮೇಲಿರುತ್ತದೆ.

● ಸೆಖೆ ಹೆಚ್ಚಾದರೆ ಈ ನಾಯಿ ಉಣ್ಣಿಗೆ ಮನುಷ್ಯರ ಮೇಲೆ ಮನಸ್ಸಾಗುತ್ತದೆ. 2020ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಪೆಟ್ಟಿಗೆಯಲ್ಲಿ ನಾಯಿ, ಇನ್ನೊಂದರಲ್ಲಿ ಮನುಷ್ಯ, ನಡುವೆ ಕೊಳವೆಯಲ್ಲಿ ಉಣ್ಣಿ ಇಟ್ಟು ನೋಡಿದರು. ಸುಮಾರು 23 ಡಿಗ್ರಿಯಲ್ಲಿ ನಾಯಿಯತ್ತ ಹೋಗುತ್ತಿದ್ದವುಗಳಲ್ಲಿ ಹಲವು, ಸುಮಾರು 38 ಡಿಗ್ರಿಯಲ್ಲಿ ಮನುಷ್ಯನತ್ತ ತಿರುಗಿದವು. ಬೀದರ್‌ನ ಮೇ ತಿಂಗಳಿಗೆ 38 ಡಿಗ್ರಿ ಹೊಸದೇನಲ್ಲ.

● ಇದು ಪ್ರಯೋಗಶಾಲೆಯ ಕಥೆ ಮಾತ್ರವಲ್ಲ. 2007ರ ಏಪ್ರಿಲ್ ಫ್ರಾನ್ಸ್‌ನ ನೀಮ್ ಊರಿನಲ್ಲಿ ಎಂದಿಲ್ಲದ ಸೆಖೆಯ ತಿಂಗಳು. ಆಗಲೇ ಅಲ್ಲಿ ನಾಯಿ ಉಣ್ಣಿ ಜನರನ್ನು ಕಚ್ಚಿ ತೀವ್ರ ಜ್ವರದ ಪ್ರಕರಣಗಳು ಕಂಡವು.

● ಕೋಳಿಗೂಡಿನ ಮೆತ್ತನೆಯ ಉಣ್ಣಿ ಬೇರೆಯೇ ಬಳಗ. ಹಗಲು ಸಂದಿಯಲ್ಲಿ ನಿದ್ದೆ, ರಾತ್ರಿ ಊಟ. ಈ ಬಳಗದ ಆಫ್ರಿಕಾದ ಜಾತಿಯೊಂದನ್ನು 1976ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಸಾಕಲು ತಂದರು. ಅವು 27 ವರ್ಷ ಬದುಕಿದವು. ಹೆಣ್ಣುಗಳು ಎಂಟು ವರ್ಷ ತುತ್ತು ಕಾಣದೆಯೂ ಉಳಿದವು. ಉಪವಾಸದ ದಾಖಲೆ ಮುರಿಯುವ ಆಸೆ ಇದ್ದವರು ಕೈಬಿಡುವುದು ಒಳ್ಳೆಯದು.

ಹೊರಗಿನ ಲೋಕ

● ಕೀಟ-ಉಣ್ಣಿಗಳು ರೋಗ ಹರಡುತ್ತವೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ದನದ ಉಣ್ಣಿಯಿಂದಲೇ ಸಿಕ್ಕಿದ್ದು. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಟೆಕ್ಸಾಸ್ ಜ್ವರದ ಮೂಲ ಉಣ್ಣಿ ಎಂದು ಸಾಬೀತು ಮಾಡಿದರು. ಸೊಳ್ಳೆ-ಮಲೇರಿಯಾ ನಂಟು ಬಯಲಾಗಿದ್ದು ಅದಾದ ಮೇಲೆ.

● ವಿಜ್ಞಾನಿಗಳಿಗಿಂತ ಮೊದಲೇ ದನ ಕಾಯುವವರಿಗೆ ಒಂದು ಸುಳಿವಿತ್ತು. ಮಂಜು ಹೆಪ್ಪುಗಟ್ಟುವ ಕಾಲ ಬಂದರೆ ಟೆಕ್ಸಾಸ್ ಜ್ವರ ನಿಲ್ಲುತ್ತದೆ ಎಂದು ಅವರು ಹೇಳುತ್ತಿದ್ದರು. ಚಳಿ ದನವನ್ನು ಗುಣಪಡಿಸುತ್ತಿರಲಿಲ್ಲ, ಉಣ್ಣಿಯನ್ನು ಕೊಲ್ಲುತ್ತಿತ್ತು. ಬೀದರ್‌ಗೆ ಅಂಥ ಚಳಿಯ ಸಹಾಯವಿಲ್ಲ.

● ಜೆಕ್ ದೇಶದ ಬೆಟ್ಟಗಳಲ್ಲಿ 1980ರ ಸುಮಾರಿಗೆ ಉಣ್ಣಿ 700 ಮೀಟರ್ ಎತ್ತರಕ್ಕಿಂತ ಮೇಲೆ ನೆಲೆ ನಿಲ್ಲುತ್ತಿರಲಿಲ್ಲ. 2000ದ ನಂತರ 1000 ಮೀಟರಿಗೂ ಮೇಲೆ ಸಿಗತೊಡಗಿತು. ಲೋಕದ ಬಿಸಿ ಏರುತ್ತಿರುವುದನ್ನು ಉಣ್ಣಿ ನಡೆದು ತೋರಿಸಿದೆ.

● 2018ರಲ್ಲಿ ಜರ್ಮನಿಗೆ ಸುಡು ಬೇಸಿಗೆ ಬಂತು. ವಲಸೆ ಹಕ್ಕಿಗಳ ಮೈಮೇಲೆ ಮರಿಯಾಗಿ ಬಂದ ಹಯಲೋಮ ಬಳಗದ ಉಣ್ಣಿಗಳು ಅಲ್ಲಿ ಬೆಳೆದು ದೊಡ್ಡವಾದವು. ಪಟ್ಟೆಗಾಲಿನ ಪ್ರಾಣಿಯನ್ನು ಕಂಡು ಅಲ್ಲಿನ ಕುದುರೆ ಸಾಕುವವರು ಬೆರಗಾದರು. ಭಾಲ್ಕಿಯವರಿಗೆ ತೋರಿಸಿದ್ದರೆ ನಕ್ಕಾರು.

● ಹಯಲೋಮ ಹರಡುವ ಕ್ರೈಮಿಯನ್-ಕಾಂಗೋ ಜ್ವರ ಭಾರತದಲ್ಲಿ ಮೊದಲು ದೃಢಪಟ್ಟಿದ್ದು 2011ರ ಜನವರಿಯಲ್ಲಿ, ಗುಜರಾತ್‌ನಲ್ಲಿ. ಉಣ್ಣಿಯನ್ನು ಉಗುರಿನಲ್ಲಿ ಕುಕ್ಕಿ ಸಾಯಿಸುವುದೂ ಸೋಂಕಿನ ದಾರಿಯಾಗಬಲ್ಲದು. ಕೊಟ್ಟಿಗೆಯಲ್ಲಿ ಕೂತು ಉಣ್ಣಿ ಕೀಳುತ್ತ ಟಪ್ ಟಪ್ ಎನ್ನಿಸುವ ಚಟ ಬಿಡಬೇಕಾದ್ದು ಇದಕ್ಕೇ.

● ಉಣ್ಣಿಯನ್ನು ಮೈಗೆ ಎಳೆಯುವುದು ಸ್ಥಿರ ವಿದ್ಯುತ್ ಕೂಡ. ಪ್ರಾಣಿಗಳ ತುಪ್ಪಟದಲ್ಲಿ ಉಂಟಾಗುವ ವಿದ್ಯುತ್ತು ಉಣ್ಣಿಯನ್ನು ಗಾಳಿಯಲ್ಲಿ ಕೆಲವು ಮಿಲಿಮೀಟರ್ ಹಾರಿಸಿ ಸೆಳೆದುಕೊಳ್ಳಬಲ್ಲದು ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2023ರಲ್ಲಿ ತೋರಿಸಿದರು. ಬಾಚಣಿಗೆ ಕಾಗದದ ಚೂರನ್ನು ಎಳೆದ ಹಾಗೆ.

ಸರಿಯೋ, ತಪ್ಪೋ?

● ಉಣ್ಣಿ ಮರದಿಂದ ತಲೆ ಮೇಲೆ ಉದುರುತ್ತದೆ. ತಪ್ಪು. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ಹುಲ್ಲಿನಿಂದ ಕಾಲಿಗೆ ಹತ್ತಿ ಮೇಲಕ್ಕೆ ನಡೆದು ಬರುತ್ತದೆ. ತಲೆಯಲ್ಲಿ ಸಿಕ್ಕಿತೆಂದರೆ ಪಾದಯಾತ್ರೆ ಮುಗಿಸಿದೆ ಎಂದರ್ಥ.

● ಜೋರು ಮಳೆಗೆ ಉಣ್ಣಿ ಕೊಚ್ಚಿಹೋಗಿ ಸಾಯುತ್ತದೆ. ಬಹುತೇಕ ತಪ್ಪು. ಹಲವು ಜಾತಿಗಳು ನೀರಿನಡಿ ದಿನಗಟ್ಟಲೆ ಬದುಕುತ್ತವೆ. ಸುರಿವ ಮಳೆಯಲ್ಲಿ ಬುಡಕ್ಕೆ ಇಳಿದು ಕೂರುತ್ತವೆ, ಹೊಳವಾದೊಡನೆ ಏರುತ್ತವೆ.

● ಎಮ್ಮೆಗೆ ಉಣ್ಣಿ ಹತ್ತುವುದಿಲ್ಲ. ಅರ್ಧ ಸರಿ. ಹಸುವಿಗೆ ಹೋಲಿಸಿದರೆ ಕಡಿಮೆ. ದಪ್ಪ ತೊಗಲು, ಕೆಸರಿನ ಲೇಪ ಅದರ ಕಾವಲು. ಕೆಸರಿಗೆ ಬಿಡದೆ ಕಟ್ಟಿಯೇ ಸಾಕಿದ ಎಮ್ಮೆಗೆ ಆ ಕಾವಲಿನಲ್ಲಿ ಅರ್ಧ ತಪ್ಪಿದಂತೆ.

● ದನದ ಬೆನ್ನೇರುವ ಬೆಳ್ಳಕ್ಕಿ ಉಣ್ಣಿ ತಿಂದೇ ಬದುಕುತ್ತದೆ. ತಪ್ಪು. ಅದರ ಮುಖ್ಯ ಊಟ ದನದ ಗೊರಸಿಗೆ ಹೆದರಿ ಹಾರುವ ಮಿಡತೆ, ಹುಳು. ಉಣ್ಣಿ ಉಪ್ಪಿನಕಾಯಿಯಷ್ಟು.

● ಕೊಟ್ಟಿಗೆಯಲ್ಲಿ ಕೋಳಿ ಬಿಟ್ಟರೆ ಉಣ್ಣಿ ತಿನ್ನುತ್ತದೆ. ಸರಿ. ಕೀನ್ಯಾದಲ್ಲಿ ದನದ ನಡುವೆ ಮೇಯುವ ಕೋಳಿಗಳನ್ನು ಕೊಯ್ದು ನೋಡಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಕೆಲವು ಕೋಳಿಗಳ ಹೊಟ್ಟೆಯಲ್ಲಿ ನೂರಕ್ಕೂ ಹೆಚ್ಚು ಉಣ್ಣಿ ಇದ್ದವು.

● ಕಚ್ಚಿದ ಉಣ್ಣಿಗೆ ಬೆಂಕಿಕಡ್ಡಿ ತಾಗಿಸಿದರೆ, ಸೀಮೆಎಣ್ಣೆ ಹಚ್ಚಿದರೆ ಬಿಡುತ್ತದೆ. ಹಾಗೆ ಮಾಡಲೇಬೇಡಿ. ಹಿಂಸೆಗೆ ಅದು ಜೊಲ್ಲನ್ನು ಇನ್ನಷ್ಟು ಮೈಯೊಳಗೆ ಕಕ್ಕಬಹುದು. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು, ತಿರುವದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ಎರಡು ವಾರದೊಳಗೆ ಜ್ವರ ಬಂದರೆ ಉಣ್ಣಿ ಕಚ್ಚಿದ್ದನ್ನು ಡಾಕ್ಟರಿಗೆ ಹೇಳಿ.

ಕೊನೆಗೊಂದು ಲೆಕ್ಕ

● ದನದ ಉಣ್ಣಿ ಮೈಮೇಲೆ ಇರುವುದು ಸುಮಾರು ಮೂರು ವಾರ. ಮದ್ದು ಹೊಡೆಯುವಾಗ ಎರಡು ಸರದಿಗಳ ನಡುವೆ ಅಷ್ಟೇ ಅಂತರ ಇಡುವ ರೂಢಿ ಬಂದಿದ್ದು ಇದರಿಂದ. ಮೊದಲ ಸಲ ತಪ್ಪಿಸಿಕೊಂಡದ್ದು ಹೊಟ್ಟೆ ತುಂಬಿ ಉದುರುವ ಮೊದಲೇ ಸಿಗಬೇಕು. ಯಾವ ಮದ್ದು, ಎಷ್ಟು, ಹಾಲು ಎಷ್ಟು ದಿನ ಬಿಡಬೇಕು ಎಂಬುದನ್ನು ಪಶುವೈದ್ಯರು ಹೇಳಲಿ. ಒಂದೇ ಮದ್ದು ವರ್ಷಗಟ್ಟಲೆ ಹೊಡೆದರೆ ಉಣ್ಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

● ಹೊಟ್ಟೆ ತುಂಬಿದ ಹೆಣ್ಣುಗಳು ಹೆಚ್ಚಾಗಿ ಉದುರುವುದು ನಸುಕಿನಲ್ಲಿ. ಆಗ ದನ ಎಲ್ಲಿರುತ್ತದೆ? ಕೊಟ್ಟಿಗೆಯಲ್ಲಿ, ಗೂಟದ ಬಳಿ. ಉಣ್ಣಿ ಊರೆಲ್ಲ ಅಲೆದು ಮೊಟ್ಟೆ ಇಡುವುದಿಲ್ಲ. ನಮ್ಮ ಕಾಲಬುಡದಲ್ಲೇ, ಗೋಡೆಯ ಸಂದಿಯಲ್ಲೇ ಇಡುತ್ತದೆ.

● ಈಗ ಕೂಡಿಸಿ ನೋಡಿ. ಮಿರಗದ ದಿನ ಒಂದು ಹೆಣ್ಣು ಉದುರಿತು, 2000 ಮೊಟ್ಟೆ ಇಟ್ಟಿತು ಎನ್ನಿ. ನೂರಕ್ಕೆ ಐದು ಮಾತ್ರ ಬದುಕಿ ದನದ ಮೈ ಸೇರಿದರೂ ನೂರಾಯಿತು. ಅದರಲ್ಲಿ ಅರ್ಧ ಹೆಣ್ಣು, ಅಂದರೆ 50. ಒಂದು ಸುತ್ತಿಗೆ ಎರಡು ಎರಡೂವರೆ ತಿಂಗಳು. ಅದೇ ಲೆಕ್ಕದಲ್ಲಿ ದೀಪಾವಳಿಯ ಹೊತ್ತಿಗೆ 2500 ಹೆಣ್ಣು.

● ಮೊದಲನೆಯದು ಸಿಗುತ್ತಿದ್ದದ್ದು ಜೂನ್‌ನ ಒಂದು ನಸುಕಿನಲ್ಲಿ, ಗೂಟದ ಪಕ್ಕ, ಔಡಲ ಬೀಜದಷ್ಟು ದಪ್ಪವಾಗಿ, ಓಡಲಾರದ ಸ್ಥಿತಿಯಲ್ಲಿ. ಸಗಣಿ ಬಾಚುವ ಮೊದಲು ಒಮ್ಮೆ ಬಗ್ಗಿ ನೋಡಿ.